ಆಯುಧಧಾರಣೆಯ ಎಲ್ಲೆ: ಮೈಸೂರಿನ ಸಂದರ್ಭದಲ್ಲಿ ಒಂದು ಧರ್ಮವಿಚಾರ

ಆತ್ಮರಕ್ಷಣೆಗಾಗಿ ಪಿಸ್ತೂಲನ್ನೋ ರಿವಾಲ್ವರನ್ನೋ ಇಟ್ಟುಕೊಳ್ಳಲು ಸರಕಾರದಿಂದ ಪರವಾನಗಿ ಪಡೆದ ಪ್ರಜೆಯೊಬ್ಬನು ಅದನ್ನು ಉಡುಪಿನ ಮರೆಯಲ್ಲಿ ಧರಿಸಿ ಮನೆಯಿಂದ ಹೊರಟಾಗ, ಆ ಪರವಾನಗಿಯ ಬಲ ಯಾವ ಊರಿನವರೆಗೆ, ಯಾವ ಬೀದಿಯವರೆಗೆ, ಯಾವ ದಿನದವರೆಗೆ ನಡೆಯುತ್ತದೆ ಎಂಬುದು ಮೇಲುನೋಟಕ್ಕೆ ಕಾನೂನಿನ ಪ್ರಶ್ನೆಯಷ್ಟೇ ಆಗಿ ಕಾಣುತ್ತದೆ. ಅದರ ಅಡಿಯಲ್ಲಿ ಧರ್ಮಮೀಮಾಂಸೆಗೆ ಸೇರಿದ ಇನ್ನೊಂದು ಪ್ರಶ್ನೆಯಿದೆ: ಕೊಲ್ಲಬಲ್ಲ ವಸ್ತುವೊಂದನ್ನು ಜನರ ನಡುವೆ ಒಯ್ಯುವ ಅನುಮತಿಯು ಒಯ್ಯುವವನಿಗೆ ಅಂಟಿಕೊಂಡ ಅರ್ಹತೆಯೇ, ಅಥವಾ ಅವನು ಮತ್ತು ಅವನು ಕಾಲಿಟ್ಟ ಸ್ಥಳ, ಆ ಸ್ಥಳದಲ್ಲಿರುವ ಜನ, ಇವರ ನಡುವೆ ಏರ್ಪಡುವ ಸಂಬಂಧವೇ? ಸ್ಥಳೀಯ ನಿರ್ಬಂಧಗಳ ಕುರಿತು ಪರವಾನಗಿದಾರರಲ್ಲಿಯೂ ಅಧಿಕಾರಿಗಳಲ್ಲಿಯೂ ಕಂಡುಬರುವ ಗೊಂದಲದ ಬಹುಪಾಲು ಈ ಎರಡು ಗ್ರಹಿಕೆಗಳು ಒಂದರೊಳಗೊಂದು ಬೆರೆತುಹೋಗಿರುವುದರಿಂದ ಹುಟ್ಟಿದ್ದು.

ಭಾರತದಲ್ಲಿ ಬಂದೂಕುಗಳನ್ನು ನಿಯಂತ್ರಿಸುವ ಮುಖ್ಯ ಶಾಸನ 1959ರ ಆಯುಧ ಕಾಯ್ದೆ. ಅದರ ವಿವರಗಳನ್ನು 2016ರ ಆಯುಧ ನಿಯಮಗಳು ಹೇಳುತ್ತವೆ. ಕಾಯ್ದೆಯ 3ನೆಯ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಬಂದೂಕನ್ನು ಸಂಪಾದಿಸುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು, ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಪರವಾನಗಿ ಕೊಡುವ ಅಧಿಕಾರಿ ಜಿಲ್ಲಾ ದಂಡಾಧಿಕಾರಿ, ಅಂದರೆ ರೂಢಿಯಲ್ಲಿ ಜಿಲ್ಲಾಧಿಕಾರಿ. ಆದರೆ ಪೊಲೀಸ್ ಆಯುಕ್ತರಿರುವ ಪ್ರದೇಶದಲ್ಲಿ ಜಿಲ್ಲಾ ದಂಡಾಧಿಕಾರಿ ಎಂದರೆ ಆ ಆಯುಕ್ತರೇ ಎಂದು ಕಾಯ್ದೆಯ ವ್ಯಾಖ್ಯಾನ ಭಾಗ ಸ್ಪಷ್ಟಪಡಿಸುತ್ತದೆ. ಹೀಗಾಗಿ ಮೈಸೂರು ನಗರದ ನಿವಾಸಿಗೆ ನಗರ ಪೊಲೀಸ್ ಆಯುಕ್ತರು ಪರವಾನಗಿ ಅಧಿಕಾರಿಯಾದರೆ, ಆಯುಕ್ತರ ವ್ಯಾಪ್ತಿಯಿಂದಾಚೆಗಿನ ಹಳ್ಳಿಯ ರೈತನಿಗೆ ಜಿಲ್ಲಾಧಿಕಾರಿಯವರು ಪರವಾನಗಿ ಅಧಿಕಾರಿ. ಪರವಾನಗಿಯ ಪುಸ್ತಕದಲ್ಲಿಯೇ ಅದು ಯಾವ ಪ್ರದೇಶಕ್ಕೆ ಸಲ್ಲುತ್ತದೆ ಎಂಬುದನ್ನು, ಜಿಲ್ಲೆಗೋ ರಾಜ್ಯಕ್ಕೋ ಇಡೀ ದೇಶಕ್ಕೋ ಎಂದು, ಬರೆದಿರುತ್ತಾರೆ.

ಈ ಒಂದು ಸಾಲಿನ ಅರ್ಥ ಎಷ್ಟು ಪದರಗಳುಳ್ಳದ್ದು ಎಂಬುದು ಮೈಸೂರಿನಿಂದ ವಯನಾಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ನ್ನು ಗಮನಿಸಿದರೆ ತಿಳಿಯುತ್ತದೆ. ನಗರದ ಆಯುಕ್ತರ ವ್ಯಾಪ್ತಿಯಿಂದ ಹೊರಟ ರಸ್ತೆ ನಂಜನಗೂಡಿನಲ್ಲಿ ಮೈಸೂರು ಜಿಲ್ಲಾಧಿಕಾರಿಯ ವ್ಯಾಪ್ತಿಯಲ್ಲಿ, ಗುಂಡ್ಲುಪೇಟೆಯಲ್ಲಿ ಚಾಮರಾಜನಗರ ಜಿಲ್ಲಾಡಳಿತದ ವ್ಯಾಪ್ತಿಯಲ್ಲಿ ಹಾಯ್ದು, ಬಂಡೀಪುರದ ಕಾಡನ್ನು ಹೊಕ್ಕು, ಗಡಿ ದಾಟಿ ಕೇರಳದ ಮುತ್ತಂಗವನ್ನು ಸೇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೆಯ ಕಲಮಿನಂತೆ, ಸಕ್ಷಮ ಅರಣ್ಯಾಧಿಕಾರಿಯ ಲಿಖಿತ ಪೂರ್ವಾನುಮತಿ ಇಲ್ಲದೆ ಆಯುಧದೊಡನೆ ವನ್ಯಜೀವಿ ಧಾಮವನ್ನು ಪ್ರವೇಶಿಸುವಂತಿಲ್ಲ. ಈ ನಿಷೇಧ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಧಾಮದಿಂದ ಹತ್ತು ಕಿಲೋಮೀಟರ್ ದೂರದೊಳಗೆ ವಾಸಿಸುವ ಪರವಾನಗಿದಾರರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕೆಂದು ಅದೇ ಕಾಯ್ದೆಯ 34ನೆಯ ಕಲಂ ಹೇಳುತ್ತದೆ. ಹೀಗೆ ಒಂದೇ ದಿನದ ಪ್ರಯಾಣದಲ್ಲಿ ಪರವಾನಗಿದಾರನು ಪೊಲೀಸ್ ಆಯುಕ್ತರ, ಇಬ್ಬರು ಜಿಲ್ಲಾಧಿಕಾರಿಗಳ, ಅರಣ್ಯ ಇಲಾಖೆಯ ಮತ್ತು ಇನ್ನೊಂದು ರಾಜ್ಯದ ಅಧಿಕಾರಕ್ಷೇತ್ರಗಳನ್ನು ಹಾದುಹೋಗುತ್ತಾನೆ. ಅವನ ಪುಸ್ತಕದಲ್ಲಿ ಕರ್ನಾಟಕ ಎಂದಷ್ಟೇ ಬರೆದಿದ್ದರೆ ಗಡಿಯಾಚೆ ಅವನ ಕೈಯಲ್ಲಿರುವುದು ಪರವಾನಗಿ ಇಲ್ಲದ ಆಯುಧ.

ಸ್ಥಳದ ಮಿತಿಗೆ ಕಾಲದ ಮಿತಿಯೂ ಸೇರಿಕೊಳ್ಳುತ್ತದೆ. ಚುನಾವಣೆ ಘೋಷಣೆಯಾದಾಗ ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಯು ಪರವಾನಗಿಗಳನ್ನು ಪರಿಶೀಲಿಸಿ, ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡುವಂತೆ ಸೂಚಿಸುತ್ತದೆ. ಶಾಂತಿಭಂಗದ ಶಂಕೆಯಿದ್ದಾಗ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನ ಅಡಿಯಲ್ಲಿ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಿನ ಅಡಿಯಲ್ಲಿ ನಿಷೇಧಾಜ್ಞೆ ಹೊರಡುತ್ತದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯೂ ಸಾರ್ವಜನಿಕ ಸ್ಥಳಗಳಲ್ಲಿ ಆಯುಧ ಒಯ್ಯುವುದನ್ನು ತಡೆಯುವ ಅಧಿಕಾರವನ್ನು ಆಯುಕ್ತರಿಗೂ ದಂಡಾಧಿಕಾರಿಗಳಿಗೂ ಕೊಟ್ಟಿದೆ. ನಿನ್ನೆಯವರೆಗೆ ನಿರ್ದೋಷವಾಗಿದ್ದ ನಡೆ ಇಂದು ಬೆಳಗ್ಗೆ ಅಪರಾಧವಾಗುವುದು ಹೀಗೆ. ವ್ಯಕ್ತಿಯೂ ಬದಲಾಗಿಲ್ಲ, ಆಯುಧವೂ ಬದಲಾಗಿಲ್ಲ, ಬದಲಾದದ್ದು ಕಾಲ ಅಥವಾ ಸ್ಥಳ ಮಾತ್ರ ಎಂಬುದೇ ಸಾಮಾನ್ಯ ಪ್ರಜೆಗೆ ಒಗಟಾಗಿ ತೋರುತ್ತದೆ.

ಒಗಟಿನ ಮೂಲ ವಾಹನ ಚಾಲನೆಯ ಪರವಾನಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆಯುಧದ ಪರವಾನಗಿಯನ್ನು ಅರ್ಥಮಾಡಿಕೊಳ್ಳುವುದರಲ್ಲಿದೆ. ಚಾಲನೆಯ ಪರವಾನಗಿ ಒಬ್ಬನ ಸಾಮರ್ಥ್ಯಕ್ಕೆ ಕೊಟ್ಟ ಪ್ರಮಾಣಪತ್ರ. ಮೈಸೂರಿನಲ್ಲಿ ಓಡಿಸಲು ಬಲ್ಲವನು ಕೋಯಿಕ್ಕೋಡಿನಲ್ಲಿಯೂ ಓಡಿಸಬಲ್ಲ, ಆದ್ದರಿಂದ ಅದು ದೇಶದ ತುಂಬ ಸಲ್ಲುತ್ತದೆ. ಆಯುಧದ ಪರವಾನಗಿ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಅಗತ್ಯವನ್ನು ಆಧರಿಸಿದೆ. ಕಾಡಂಚಿನ ಹೊಲದಲ್ಲಿ ಬೆಳೆ ರಕ್ಷಣೆಗೆಂದು ಪಡೆದ ನಳಿಗೆ ಕೋವಿಯ ಅಗತ್ಯ ಆ ಹೊಲದೊಂದಿಗೇ ಮುಗಿಯುತ್ತದೆ. ಪ್ರಾಣಭಯವಿದೆಯೆಂದು ಪಡೆದ ಪಿಸ್ತೂಲಿನ ಅಗತ್ಯ ಆ ಭಯ ಇರುವಲ್ಲಿಗೆ ಮತ್ತು ಇರುವವರೆಗೆ ಸೀಮಿತ. ಅಗತ್ಯಕ್ಕೆ ದೇಶಕಾಲಗಳಿರುವುದರಿಂದ ಅನುಮತಿಗೂ ದೇಶಕಾಲಗಳಿವೆ ಎಂಬುದು ಈ ವ್ಯವಸ್ಥೆಯ ಒಳತರ್ಕ.

ಬೇರೊಂದು ತರ್ಕವೂ ಜಗತ್ತಿನಲ್ಲಿದೆ. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯು ಆಯುಧ ಇಟ್ಟುಕೊಳ್ಳುವ ಮತ್ತು ಧರಿಸುವ ಹಕ್ಕನ್ನು ಜನರದ್ದೆಂದು ಹೇಳುತ್ತದೆ, ಮತ್ತು 2022ರ ಬ್ರೂಯೆನ್ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಮನೆಯಿಂದಾಚೆಗೂ ಆತ್ಮರಕ್ಷಣೆಗಾಗಿ ಕೈಬಂದೂಕು ಒಯ್ಯುವ ಹಕ್ಕಿದೆಯೆಂದು ತೀರ್ಪಿತ್ತಿತು. ಹಕ್ಕು ವ್ಯಕ್ತಿಯದ್ದೆಂದು ಮೊದಲೇ ಒಪ್ಪಿದಲ್ಲಿಯೂ ಶಾಲೆ, ನ್ಯಾಯಾಲಯ, ಶಾಸನಸಭೆಗಳಂತಹ ಸೂಕ್ಷ್ಮ ಸ್ಥಳಗಳನ್ನು ಹೊರಗಿಡಬಹುದೆಂದು ಅದೇ ತೀರ್ಪು ಒಪ್ಪಿಕೊಂಡಿರುವುದು ಗಮನಾರ್ಹ. ಆದರೆ ಅಲ್ಲಿ ಸ್ಥಳದ ನಿರ್ಬಂಧವು ತಾನೇ ಸಮರ್ಥನೆ ಕೊಟ್ಟುಕೊಳ್ಳಬೇಕಾಗುತ್ತದೆ, ಭಾರತದಲ್ಲಿಯಾದರೆ ಆಯುಧ ಬೇಡುವವನು ಸಮರ್ಥನೆ ಕೊಡಬೇಕಾಗುತ್ತದೆ.

ಭಾರತವು ಈ ದಾರಿಯನ್ನು ಯೋಚಿಸದೆ ಹಿಡಿಯಲಿಲ್ಲ. ವಸಾಹತು ಸರಕಾರವು 1878ರ ಆಯುಧ ಕಾಯ್ದೆಯ ಮೂಲಕ ಜನರನ್ನು ನಿರಾಯುಧರನ್ನಾಗಿಸಿದ್ದು ಸ್ವಾತಂತ್ರ್ಯ ಹೋರಾಟಗಾರರಿಗೆ ಅವಮಾನವಾಗಿ ಕಂಡಿತ್ತು. ಅಹಿಂಸೆಯ ಪ್ರತಿಪಾದಕರಾದ ಗಾಂಧೀಜಿಯವರು 1930ರ ಆರಂಭದಲ್ಲಿ ವೈಸರಾಯ್ ಅರ್ವಿನ್ನರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಜನನಿಯಂತ್ರಣಕ್ಕೆ ಒಳಪಟ್ಟು ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿ ಕೊಡಬೇಕೆಂಬುದೂ ಒಂದಾಗಿತ್ತು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ಗೊತ್ತುವಳಿಯೂ ಕಟ್ಟುಪಾಡುಗಳಿಗೆ ಒಳಪಟ್ಟ ಆಯುಧಧಾರಣೆಯ ಹಕ್ಕನ್ನು ಹೆಸರಿಸಿತ್ತು. ಈ ಹಿನ್ನೆಲೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು 1948ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಆಯುಧ ಇಟ್ಟುಕೊಳ್ಳುವ ಹಕ್ಕನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಬೇಕೆಂದು ತಿದ್ದುಪಡಿ ಸೂಚಿಸಿದರು. ಅಂತಹ ಹಕ್ಕು ಅಪರಾಧವೃತ್ತಿಯವರಿಗೂ ಸಲ್ಲಬೇಕಾಗುತ್ತದೆ, ಮುಖ್ಯವಾದದ್ದು ಆಯುಧ ಹಿಡಿಯುವ ಹಕ್ಕಲ್ಲ, ದೇಶಕ್ಕಾಗಿ ಹಿಡಿಯಬೇಕಾದ ಕರ್ತವ್ಯ ಎಂಬ ನಿಲುವಿನಿಂದ ಡಾ. ಅಂಬೇಡ್ಕರರು ಅದನ್ನು ಒಪ್ಪಲಿಲ್ಲ. ಕೊನೆಗೆ ಸಂವಿಧಾನದ 19ನೆಯ ಅನುಚ್ಛೇದದಲ್ಲಿ ಉಳಿದದ್ದು ಶಾಂತಿಯುತವಾಗಿ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕು. ಆಯುಧದ ವಿಷಯವನ್ನು ಸಂವಿಧಾನ ಹಕ್ಕಿನ ಭಾಗದಲ್ಲಿ ತರುವಾಗ ಅದರ ಅನುಪಸ್ಥಿತಿಯನ್ನೇ ಹಕ್ಕಿನ ನಿಬಂಧನೆಯಾಗಿ ತಂದಿದೆ.

ಸಂವಿಧಾನಕ್ಕಿಂತ ಬಹು ಹಿಂದಿನ ನೀತಿಶಾಸ್ತ್ರದಲ್ಲಿಯೂ ಇದೇ ಒಲವು ಕಾಣುತ್ತದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ, ಅಂದರೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಆಯುಧಗಳಿಗೆ ರಾಜಮುದ್ರೆ ಒತ್ತಿ ಆಯುಧಾಗಾರದಲ್ಲಿ ಇಡಬೇಕೆಂದೂ, ಮುದ್ರೆಯ ಅನುಮತಿ ಇಲ್ಲದವರು ಆಯುಧ ಹಿಡಿದು ಓಡಾಡಬಾರದೆಂದೂ ವಿಧಿಸುತ್ತದೆ. ಮುದ್ರೆ ಎಂದರೆ ಇಲ್ಲಿ ರಾಜ್ಯದ ಗುರುತುಳ್ಳ ಅನುಮತಿಪತ್ರ. ಆಧುನಿಕ ಪರವಾನಗಿಯ ಕಲ್ಪನೆ ಪರದೇಶದಿಂದ ಬಂದ ಹೊಸತೇನಲ್ಲವೆಂದೂ, ಆಯುಧವಿಲ್ಲದ ಓಡಾಟವನ್ನು ಸಾಮಾನ್ಯ ನಿಯಮವಾಗಿಯೂ ಆಯುಧಸಹಿತ ಓಡಾಟವನ್ನು ಅಪವಾದವಾಗಿಯೂ ಕಾಣುವ ದೃಷ್ಟಿ ಹಳೆಯದೆಂದೂ ಇದರಿಂದ ತಿಳಿಯುತ್ತದೆ.

ನಿಯಮ ಮತ್ತು ಅಪವಾದಗಳ ಈ ಹೆಣಿಗೆಯನ್ನು ಬಿಡಿಸಲು ಅತ್ಯಂತ ಹದವಾದ ಉಪಕರಣಗಳನ್ನು ಒದಗಿಸಿದ್ದು ಪೂರ್ವಮೀಮಾಂಸೆ, ಅಂದರೆ ವೇದವಿಧಿಗಳ ಅರ್ಥವನ್ನು ನಿರ್ಣಯಿಸುವ ಶಾಸ್ತ್ರ. ಅದರ ಪರಿಭಾಷೆಯಲ್ಲಿ ಎಲ್ಲೆಡೆ ಅನ್ವಯಿಸುವ ಸಾಮಾನ್ಯ ವಿಧಿಗೆ ಉತ್ಸರ್ಗವೆಂದೂ, ಅದರಿಂದ ಒಂದು ಸಂದರ್ಭವನ್ನು ಹೊರತೆಗೆಯುವ ವಿಶೇಷ ವಿಧಿಗೆ ಅಪವಾದವೆಂದೂ, ಆ ಅಪವಾದವನ್ನೂ ಒಂದು ಸಂದರ್ಭದಲ್ಲಿ ತಡೆದು ಮೊದಲಿನ ವಿಧಿಯನ್ನು ಮತ್ತೆ ನೆಲೆಗೊಳಿಸುವುದಕ್ಕೆ ಪ್ರತಿಪ್ರಸವವೆಂದೂ ಹೆಸರು. ಬಂದೂಕು ಒಯ್ಯಬಾರದೆಂಬ ಕಾಯ್ದೆಯ 3ನೆಯ ಕಲಮಿನ ನಿಷೇಧ ಇಲ್ಲಿ ಉತ್ಸರ್ಗ. ಪರವಾನಗಿ ಅದಕ್ಕೆ ಅಪವಾದ. ನಿಷೇಧಾಜ್ಞೆ, ಠೇವಣಿಯ ಆದೇಶ, ಅಭಯಾರಣ್ಯದ ಕಟ್ಟಳೆಗಳು ಪ್ರತಿಪ್ರಸವ. ಪರವಾನಗಿಯನ್ನೇ ಮೂಲ ನಿಯಮವೆಂದು ಎಣಿಸಿದವನಿಗೆ ಸ್ಥಳೀಯ ನಿರ್ಬಂಧವು ತನ್ನಲ್ಲಿದ್ದ ಏನನ್ನೋ ಕಿತ್ತುಕೊಂಡಂತೆ ತೋರುತ್ತದೆ. ನಿಷೇಧವೇ ಮೂಲವೆಂದು ತಿಳಿದವನಿಗೆ ಅದು ಕೊಟ್ಟ ವಿನಾಯಿತಿ ಅಲ್ಲಿಗೆ ಮುಗಿದದ್ದಷ್ಟೇ. ಎರಡು ವಿಧಿಗಳು ವಿರೋಧಿಸುವಂತೆ ಕಂಡಾಗ ಯಾವುದನ್ನಾದರೂ ಪಾಲಿಸಬಹುದೆಂಬ ವಿಕಲ್ಪಕ್ಕೆ ಮೀಮಾಂಸಕರು ಸುಲಭವಾಗಿ ಎಡೆಕೊಡುವುದಿಲ್ಲ, ಅದರಲ್ಲಿ ಒಂದೊಂದು ವಿಧಿಗೆ ನಾಲ್ಕರಂತೆ ಎಂಟು ದೋಷಗಳಿವೆಯೆಂದು ಅವರು ಎಣಿಸಿದ್ದಾರೆ. ತನ್ನ ಪರವಾನಗಿಯೂ ಸರಕಾರದ್ದು, ನಿಷೇಧಾಜ್ಞೆಯೂ ಸರಕಾರದ್ದು, ಆದ್ದರಿಂದ ತನಗೆ ಅನುಕೂಲವಾದದ್ದನ್ನು ಹಿಡಿಯುತ್ತೇನೆ ಎಂಬ ವಾದ ಈ ಶಾಸ್ತ್ರದ ಮುಂದೆ ನಿಲ್ಲುವುದಿಲ್ಲ.

ಅನುಮತಿ ದೊರೆತ ಮೇಲೆ ದೋಷ ಪೂರ್ತಿ ತೊಳೆದುಹೋಗುತ್ತದೆಯೇ ಎಂಬ ಪ್ರಶ್ನೆ ಇನ್ನೂ ಆಳವಾದದ್ದು. ಯಾವ ಪ್ರಾಣಿಯನ್ನೂ ಹಿಂಸಿಸಬಾರದೆಂಬ ಸಾಮಾನ್ಯ ನಿಷೇಧ ಒಂದೆಡೆ, ಯಜ್ಞದಲ್ಲಿ ಪಶುವನ್ನು ಅರ್ಪಿಸಬೇಕೆಂಬ ವಿಶೇಷ ವಿಧಿ ಇನ್ನೊಂದೆಡೆ ಇರುವಾಗ, ವಿಶೇಷ ವಿಧಿಯಿರುವಲ್ಲಿ ನಿಷೇಧ ಪ್ರವೃತ್ತವೇ ಆಗದು, ಆದ್ದರಿಂದ ಅಲ್ಲಿ ಪಾಪವಿಲ್ಲ ಎಂಬುದು ಮೀಮಾಂಸಕರ ನಿಲುವು. ಸಾಂಖ್ಯರು ಇದನ್ನು ಒಪ್ಪುವುದಿಲ್ಲ. ವಾಚಸ್ಪತಿ ಮಿಶ್ರನು ಸಾಂಖ್ಯತತ್ತ್ವಕೌಮುದಿಯಲ್ಲಿ ವಾದಿಸುವಂತೆ, ಹಿಂಸೆ ಅನರ್ಥಕಾರಿ ಎಂದು ಒಂದು ವಾಕ್ಯ ಹೇಳಿದರೆ ಅದು ಯಜ್ಞಕ್ಕೆ ಉಪಕಾರಿ ಎಂದು ಇನ್ನೊಂದು ವಾಕ್ಯ ಹೇಳುತ್ತದೆ. ಎರಡೂ ಏಕಕಾಲಕ್ಕೆ ನಿಜವಾಗಬಹುದು, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಆದ್ದರಿಂದ ವಿಹಿತ ಕರ್ಮದಲ್ಲಿಯೂ ಅಶುದ್ಧಿಯ ಶೇಷ ಉಳಿಯುತ್ತದೆ. ಆಯುಧದ ಪರವಾನಗಿಗೆ ಈ ಎರಡನೆಯ ನಿಲುವೇ ಹೆಚ್ಚು ಒಪ್ಪುತ್ತದೆ. ಪರವಾನಗಿಯು ಶಿಕ್ಷೆಯ ಭಯವನ್ನು ತೆಗೆಯುತ್ತದೆ, ಆದರೆ ಗುಂಡು ತುಂಬಿದ ಪಿಸ್ತೂಲು ಸಂತೆಯ ನಡುವೆ ಇರುವುದರ ಅಪಾಯವನ್ನು ತೆಗೆಯಲಾರದು. ಆ ಶೇಷದ ಭಾರ ಹೊರಬೇಕಾದವನು ಧರಿಸಿದವನೇ, ಮತ್ತು ಕಾಲಿಡುವ ಸ್ಥಳದ ನಿರ್ಬಂಧವನ್ನು ಮುಂಚಿತವಾಗಿ ತಿಳಿದುಕೊಳ್ಳುವ ಶ್ರಮ ಆ ಭಾರದ ಮೊದಲ ಭಾಗ.

ಮಹಾಭಾರತದ ವಿರಾಟಪರ್ವ ಈ ತತ್ತ್ವವನ್ನು ಪ್ರಸಂಗವಾಗಿ ತೋರಿಸುತ್ತದೆ. ಹನ್ನೆರಡು ವರ್ಷದ ವನವಾಸ ಮುಗಿಸಿ ಅಜ್ಞಾತವಾಸಕ್ಕಾಗಿ ಮತ್ಸ್ಯರಾಜನ ನಗರವನ್ನು ಹೊಗುವ ಮುನ್ನ, ಆಯುಧಗಳನ್ನು ಏನು ಮಾಡಬೇಕೆಂದು ಯುಧಿಷ್ಠಿರನು ಆಲೋಚಿಸುತ್ತಾನೆ. ಗಾಂಡೀವವನ್ನು ಕಂಡರೆ ಜನ ಗುರುತು ಹಿಡಿದಾರು ಎಂಬ ಅಂಜಿಕೆ ಅವನಿಗಿದೆ. ಆದರೆ ಅವನು ಅದರ ಜೊತೆಗೆ ಹೇಳುವ ಇನ್ನೊಂದು ಕಾರಣ, ಆಯುಧಸಹಿತರಾಗಿ ಪುರಪ್ರವೇಶ ಮಾಡಿದರೆ ಅಲ್ಲಿಯ ಜನ ಕಳವಳಗೊಳ್ಳುತ್ತಾರೆ ಎಂಬುದು. ಅರ್ಜುನನು ಸ್ಮಶಾನದ ಬಳಿಯ ಶಮೀವೃಕ್ಷವನ್ನು ತೋರಿಸುತ್ತಾನೆ, ನಕುಲನು ಹತ್ತಿ ಆಯುಧಗಳನ್ನು ಕಟ್ಟುತ್ತಾನೆ, ಯಾರೂ ಹತ್ತಿರ ಸುಳಿಯದಿರಲೆಂದು ಹೆಣವೊಂದನ್ನು ಅಲ್ಲಿ ತೂಗುಹಾಕುತ್ತಾರೆ. ಆಯುಧ ಹಿಡಿಯುವ ಅರ್ಹತೆ ಪಾಂಡವರಿಗಿಂತ ಹೆಚ್ಚಾಗಿ ಯಾರಿಗಿತ್ತು? ಕ್ಷತ್ರಿಯಜನ್ಮ, ದೇವತೆಗಳಿಂದ ಪಡೆದ ಅಸ್ತ್ರ, ಬೆನ್ನಟ್ಟಿದ ಶತ್ರು, ಇವೆಲ್ಲವೂ ಇದ್ದವರು ಊರಿನ ಹೊರಗೆ ಆಯುಧ ಬಿಟ್ಟು ಒಳಗೆ ಹೋದರು. ಅರ್ಹತೆ ಅವರನ್ನು ಬಿಟ್ಟುಹೋಗಿರಲಿಲ್ಲ. ಕೌರವರು ಮತ್ಸ್ಯರಾಜನ ದನಗಳನ್ನು ಸೆರೆಹಿಡಿದ ಗೋಗ್ರಹಣದ ದಿನ ಅರ್ಜುನನು ರಾಜಕುಮಾರ ಉತ್ತರನಿಂದ ಅದೇ ಮರವನ್ನು ಹತ್ತಿಸಿ ಗಾಂಡೀವವನ್ನು ಇಳಿಸಿಕೊಂಡಾಗ ಅದು ಮತ್ತೆ ಕಾರ್ಯಕ್ಕೆ ಬಂದಿತು. ನಗರದ ನಿರ್ಭಯಕ್ಕಾಗಿ ಅರ್ಹತೆಯನ್ನು ಕೆಲಕಾಲ ಹೊರಗಿಡುವುದು ಅದನ್ನು ಕಳೆದುಕೊಳ್ಳುವುದಲ್ಲ ಎಂಬ ಅರ್ಥ ಈ ಕಥೆಯಲ್ಲಿದೆ.

ಮೈಸೂರಿನ ದಸರಾ ಈ ಕಥೆಯನ್ನು ಪ್ರತಿವರ್ಷ ಆಚರಣೆಯಾಗಿ ನಡೆಸುತ್ತದೆ. ಮಹಾನವಮಿಯಂದು ಅರಮನೆಯಲ್ಲಿ ಪಟ್ಟದ ಕತ್ತಿ ಮೊದಲಾದ ಆಯುಧಗಳಿಗೆ ಪೂಜೆ ಸಲ್ಲುತ್ತದೆ, ವಿಜಯದಶಮಿಯಂದು ಶಮೀಪೂಜೆ ನಡೆಯುತ್ತದೆ, ಜಂಬೂಸವಾರಿ ಅರಮನೆಯಿಂದ ಹೊರಟು ಬನ್ನಿಮಂಟಪವನ್ನು ತಲುಪುತ್ತದೆ, ಕುಶಾಲತೋಪುಗಳು ಹಾರುತ್ತವೆ, ರಾತ್ರಿ ಪಂಜಿನ ಕವಾಯತು ಜರಗುತ್ತದೆ. ಇಲ್ಲಿ ಆಯುಧ ಎಲ್ಲರ ಕಣ್ಣ ಮುಂದೆ ಇರುತ್ತದೆ. ಅದನ್ನು ತೊಳೆದು, ಹೂವಿಟ್ಟು, ಸಾಲಾಗಿ ಇಡುತ್ತಾರೆ. ಪೂಜೆಯ ಹೊತ್ತಿನಲ್ಲಿ ಯಾರೂ ಅದನ್ನು ಬಳಸುವುದಿಲ್ಲ. ಆಯುಧಪೂಜೆ ಆಯುಧದ ಶಕ್ತಿಯನ್ನು ಒಪ್ಪುತ್ತದೆ, ಹಾಗೆಯೇ ಅದನ್ನು ಹಿಡಿದವನ ಸ್ವಂತ ಇಚ್ಛೆಯಿಂದ ಬಿಡಿಸಿ ದೇವತೆಯ ವಶಕ್ಕೆ ಒಪ್ಪಿಸುತ್ತದೆ. ಹಬ್ಬದ ನೆಪದಲ್ಲಿ ಸ್ವಂತ ಬಂದೂಕಿನಿಂದ ಗಾಳಿಯಲ್ಲಿ ಗುಂಡು ಹಾರಿಸಿ ಇತರರ ಸುರಕ್ಷತೆಗೆ ಅಪಾಯ ತರುವುದನ್ನು 2019ರ ತಿದ್ದುಪಡಿಯು ಎರಡು ವರ್ಷದವರೆಗಿನ ಸೆರೆವಾಸಕ್ಕೋ ಒಂದು ಲಕ್ಷ ರೂಪಾಯಿವರೆಗಿನ ದಂಡಕ್ಕೋ ಗುರಿಯಾಗುವ ಅಪರಾಧವೆಂದು ಮಾಡಿರುವುದು ಈ ಭಾವಕ್ಕೆ ಹೊರತಾದದ್ದಲ್ಲ.

ಪೂಜೆಯ ಆಯುಧ ತೆರೆದಿರುತ್ತದೆ, ಪರವಾನಗಿಯ ಕೈಬಂದೂಕು ಮರೆಯಲ್ಲಿರುತ್ತದೆ; ಮರೆಯ ವಿಚಾರ ಇಲ್ಲಿ ಪ್ರತ್ಯೇಕ ಪರಿಶೀಲನೆಯನ್ನು ಬೇಡುತ್ತದೆ. 2016ರ ನಿಯಮಗಳಲ್ಲಿ 32ನೆಯದು ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಮೈಗೆ ಕಟ್ಟಿದ ಚರ್ಮದ ಒರೆಯಂತಹ ಕೋಶದಲ್ಲಿಯೇ ಒಯ್ಯಬೇಕು, ಅದು ಸಂಪೂರ್ಣವಾಗಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲಿರಬೇಕು ಎಂದು ವಿಧಿಸುತ್ತದೆ. ಅದನ್ನು ಎತ್ತಿ ಝಳಪಿಸುವುದನ್ನು ನಿಷೇಧಿಸುತ್ತದೆ. ಅಂದರೆ ಮುಚ್ಚಿ ಒಯ್ಯುವುದು ಭಾರತದಲ್ಲಿ ವಿಶೇಷ ಸವಲತ್ತಲ್ಲ, ಕಡ್ಡಾಯ. ಇದರ ಉದ್ದೇಶ ಯುಧಿಷ್ಠಿರನ ಕಳಕಳಿಗೆ ಹತ್ತಿರದ್ದು: ಕಂಡವರು ಹೆದರಬಾರದು. ಆದರೆ ಮರೆಗೆ ಇನ್ನೊಂದು ಮುಖವಿದೆ. ಕಾಣುವ ಆಯುಧದಿಂದ ದೂರ ಸರಿಯುವ ಅವಕಾಶ ನೆರೆಯವನಿಗೆ ಇರುತ್ತದೆ, ಕಾಣದ ಆಯುಧದ ವಿಷಯದಲ್ಲಿ ಅವನಿಗೆ ಆ ಆಯ್ಕೆಯೇ ಇಲ್ಲ. ಅವನ ನಿರ್ಭಯ ಅಜ್ಞಾನದ ಮೇಲೆ ನಿಂತದ್ದಾಗುತ್ತದೆ. ಭಗವದ್ಗೀತೆಯು ದೈವೀ ಸಂಪತ್ತುಗಳನ್ನು ಎಣಿಸುವಾಗ ಅಭಯವನ್ನು ಮೊದಲು ಹೆಸರಿಸುತ್ತದೆ, ಮತ್ತು ಭಕ್ತನ ಲಕ್ಷಣ ಹೇಳುವಾಗ ಯಾರಿಂದ ಲೋಕವು ಕಳವಳಗೊಳ್ಳುವುದಿಲ್ಲವೋ, ಯಾರು ಲೋಕದಿಂದ ಕಳವಳಗೊಳ್ಳುವುದಿಲ್ಲವೋ ಅವನು ಭಗವಂತನಿಗೆ ಪ್ರಿಯನೆನ್ನುತ್ತದೆ. ಈ ದೃಷ್ಟಿಯಲ್ಲಿ ಅಭಯಕ್ಕೆ ಎರಡು ತುದಿಗಳಿವೆ, ತಾನು ಹೆದರದಿರುವುದು ಮತ್ತು ಇತರರನ್ನು ಹೆದರಿಸದಿರುವುದು. ಮರೆಯ ಆಯುಧ ಮೊದಲನೆಯದನ್ನು ಧರಿಸಿದವನಿಗೆ ಕೊಡುತ್ತದೆ. ಎರಡನೆಯದನ್ನು ತೋರಿಕೆಗೆ ಮಾತ್ರ ಕಾಪಾಡುತ್ತದೆ. ಕಾಣದಿರುವ ಕಾರಣದಿಂದಲೇ ನೆರೆಯವನ ಪರವಾಗಿ ಯಾರಾದರೂ ಮಾತಾಡಬೇಕಾಗುತ್ತದೆ. ಇಂತಹ ಸ್ಥಳದಲ್ಲಿ, ಇಂತಹ ದಿನದಲ್ಲಿ ಯಾರ ಮೈಮೇಲೂ ಆಯುಧ ಬೇಡವೆಂದು ಸಾರುವ ಸ್ಥಳೀಯ ನಿರ್ಬಂಧ ಆ ಮಾತನ್ನು ಆಡುತ್ತದೆ. ಕೇಳದೆ ಉಳಿದ ನೆರೆಯವರ ಸಮ್ಮತಿಗೆ ಅದು ಬದಲಿ.

ಸ್ಥಳದ ಮಿತಿಯನ್ನು ಹೊರಗಿನ ಒತ್ತಾಯವಾಗಿಯಲ್ಲದೆ ಒಳಗಿನ ವ್ರತವಾಗಿ ಕಂಡ ಪರಂಪರೆ ಜೈನರದ್ದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶ್ರಾವಕನ, ಎಂದರೆ ಗೃಹಸ್ಥ ಜೈನನ, ವ್ರತಗಳಲ್ಲಿ ದಿಗ್ವ್ರತ, ದೇಶವ್ರತ ಮತ್ತು ಅನರ್ಥದಂಡವಿರತಿಗಳನ್ನು ಹೇಳುತ್ತದೆ. ತನ್ನ ಚಟುವಟಿಕೆಯನ್ನು ದಿಕ್ಕುಗಳಲ್ಲಿ ಇಷ್ಟು ದೂರಕ್ಕೆಂದು ಆಜೀವ ಮಿತಿಗೊಳಿಸಿಕೊಳ್ಳುವುದು ದಿಗ್ವ್ರತ. ಆ ಮಿತಿಯೊಳಗೂ ನಿಯತ ಕಾಲಕ್ಕೆ ಊರು, ಮನೆ ಎಂದು ಇನ್ನಷ್ಟು ಕಿರಿದುಗೊಳಿಸಿಕೊಳ್ಳುವುದು ದೇಶವ್ರತ. ಪ್ರಯೋಜನವಿಲ್ಲದ ಹಿಂಸೆಯನ್ನು ತೊರೆಯುವುದು ಅನರ್ಥದಂಡವಿರತಿ. ಇತರರ ಕೈಗೆ ವಿಷ, ಶಸ್ತ್ರಗಳಂತಹ ಹಿಂಸಾಸಾಧನಗಳನ್ನು ಒದಗಿಸುವುದನ್ನೂ ಜೈನ ಆಚಾರ್ಯರು ಈ ಕೊನೆಯದರೊಳಗೆ ನಿಷೇಧಿಸಿದ್ದಾರೆ. ಇದು ಯುದ್ಧ ಅರಿಯದವರ ಧರ್ಮವಾಗಿರಲಿಲ್ಲ. ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದು ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಇದೇ ಧರ್ಮದವನು. ಆಕ್ರಮಿಸಿದವನನ್ನು ಎದುರಿಸುವಾಗ ಒದಗುವ ವಿರೋಧಿ ಹಿಂಸೆಯನ್ನು ಗೃಹಸ್ಥನು ಪೂರ್ತಿ ತಪ್ಪಿಸಲಾರನೆಂದು ಒಪ್ಪಿ, ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಮಾತ್ರ ಅವನಿಗೆ ಸಂಪೂರ್ಣ ವರ್ಜ್ಯವೆಂದು ಈ ಪರಂಪರೆ ವಿಂಗಡಿಸಿತು. ಆತ್ಮರಕ್ಷಣೆಯನ್ನು ಅಲ್ಲಗಳೆಯದೆಯೇ ಅದರ ಸಾಧನಗಳಿಗೆ ದೇಶಕಾಲಗಳ ಬೇಲಿ ಹಾಕಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾದರಿ ಸಿಗುವುದು ಕಷ್ಟ.

ಮೈಸೂರಿನ ಪಕ್ಕದ ಕೊಡಗು ಈ ವಾದವನ್ನು ಒರೆಗೆ ಹಚ್ಚುತ್ತದೆ. ಕೊಡವರಿಗೂ, ಸೈನಿಕ ಸೇವೆಗೆ ಪ್ರತಿಯಾಗಿ ಬಂದ ವಂಶಪಾರಂಪರ್ಯದ ಭೂಹಿಡುವಳಿಯಾದ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿಯಿದೆ. ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ, 1861ರಲ್ಲಿ ಆರಂಭವಾದ ಈ ಪದ್ಧತಿಯನ್ನು 1959ರ ಕಾಯ್ದೆಯ 41ನೆಯ ಕಲಮಿನ ಅಡಿಯಲ್ಲಿ ಮುಂದುವರಿಸಲಾಯಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು, ಮತ್ತು ಅದನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡಿನ ಸದ್ದು, ಹುಟ್ಟಿಗೂ ಸಾವಿಗೂ ಗುಂಡು ಹಾರಿಸಿ ಊರಿಗೆ ತಿಳಿಸುವ ವಾಡಿಕೆ, ಇವೆಲ್ಲವೂ ಕೋವಿಯನ್ನು ಒಂದು ನೆಲದ ಸಾಮಾಜಿಕ ಜೀವನದೊಳಗೆ ನೇಯ್ದಿವೆ. ಅಲ್ಲಿ ಕೋವಿ ಬಹಿರಂಗವಾದದ್ದು, ಅದರ ಸದ್ದಿನ ಅರ್ಥ ಕೇಳಿದವರಿಗೆಲ್ಲ ಗೊತ್ತು. ಈ ವಿನಾಯಿತಿ ವ್ಯಕ್ತಿಯ ಜನ್ಮಕ್ಕೆ ಅಂಟಿಕೊಂಡದ್ದಲ್ಲವೇ, ಸ್ಥಳಕ್ಕೆ ಬದ್ಧವಾದದ್ದು ಹೇಗೆ ಎಂಬ ಆಕ್ಷೇಪ ಸಹಜ. ಆದರೆ ಜಿಲ್ಲೆಯ ಹೊರಗೆ ವಾಸಿಸುವಾಗ ಅಥವಾ ಪ್ರಯಾಣಿಸುವಾಗ ಒಯ್ಯಬಹುದಾದ ಬಂದೂಕು ಮತ್ತು ತೋಟೆಗಳಿಗೆ ವಿನಾಯಿತಿಯ ಅಧಿಸೂಚನೆಯೇ ಮಿತಿ ಹಾಕಿದೆ. ಪಿರಿಯಾಪಟ್ಟ‍ಣ, ಹುಣಸೂರು ದಾಟಿ ಮೈಸೂರಿನಲ್ಲಿ ನೆಲೆಸಿದ ಕೊಡವ ಕುಟುಂಬಕ್ಕೆ ಹಕ್ಕು ಉಳಿದಿದ್ದರೂ ಅದರ ಅಳತೆ ಕಿರಿದಾಗುತ್ತದೆ; ಕೋವಿಯ ಸದ್ದಿನ ಅರ್ಥ ಬಲ್ಲ ನೆರೆಹೊರೆ ಇಲ್ಲದ ಊರಿನಲ್ಲಿ ಅದು ಕಿರಿದಾಗುವುದು ನ್ಯಾಯವೂ ಹೌದು. ಹಾಗೆಯೇ, ಸಿಖ್ಖರು ಕಿರ್ಪಾಣ್ ಎಂಬ ಕತ್ತಿಯನ್ನು ಧರಿಸುವುದು ಅವರ ಧರ್ಮಾಚರಣೆಯ ಭಾಗವೆಂದು ಸಂವಿಧಾನದ 25ನೆಯ ಅನುಚ್ಛೇದದ ವಿವರಣೆ ಒಪ್ಪಿದಾಗಲೂ, ಆ ಅನುಚ್ಛೇದ ಪೂರ್ತಿಯಾಗಿ ಸಾರ್ವಜನಿಕ ಸುವ್ಯವಸ್ಥೆಗೆ ಒಳಪಟ್ಟೇ ಇದೆ.

ಇಷ್ಟಾದರೂ ಒಂದು ಬಲವಾದ ಎದುರುವಾದ ಉಳಿಯುತ್ತದೆ. ಕೊಲ್ಲಬಂದವನು ವ್ಯಾಪ್ತಿಯ ಗಡಿಗಳನ್ನು ಓದಿಕೊಂಡು ಬರುವುದಿಲ್ಲ. ಸ್ಥಳೀಯ ನಿರ್ಬಂಧ ಕಾನೂನಿಗೆ ತಲೆಬಾಗುವವನ ಕೈಯನ್ನು ಮಾತ್ರ ಬರಿದುಮಾಡುತ್ತದೆ. ಪ್ರಾಣಭಯ ನಿಜವೆಂದು ಒಪ್ಪಿಯೇ ಪರವಾನಗಿ ಕೊಟ್ಟ ರಾಜ್ಯ, ಅಪಾಯ ಹೆಚ್ಚಿರುವ ಚುನಾವಣೆಯ ದಿನಗಳಲ್ಲಿಯೇ ಅದನ್ನು ಹಿಂತೆಗೆದುಕೊಳ್ಳುವುದು ವಿರೋಧಾಭಾಸ ಎಂಬುದು ಆ ವಾದ. ಇದರಲ್ಲಿ ಸತ್ಯಾಂಶವಿದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು, ಕೆಲವು ಸಂದರ್ಭಗಳಲ್ಲಿ ಆಕ್ರಮಣಕಾರನ ಪ್ರಾಣಹಾನಿಯವರೆಗೂ, ಮಾನ್ಯ ಮಾಡುತ್ತವೆ. ಆದರೆ ಅದೇ ಕಲಮುಗಳು ಸರಕಾರಿ ರಕ್ಷಣೆಯನ್ನು ಪಡೆಯಲು ಸಮಯವಿದ್ದಲ್ಲಿ ಆ ಹಕ್ಕಿಲ್ಲವೆಂದೂ, ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲವೆಂದೂ ಹೇಳುತ್ತವೆ. ರಕ್ಷಿಸಿಕೊಳ್ಳುವ ಹಕ್ಕು ಬೇರೆ, ರಕ್ಷಣೆಗೆ ಇಂತಹದೇ ಸಾಧನ ಎಲ್ಲೆಡೆ ಕೈಯಲ್ಲಿರಬೇಕೆಂಬ ಹಕ್ಕು ಬೇರೆ. ಮೊದಲನೆಯದು ಎರಡನೆಯದನ್ನು ತಾನಾಗಿ ಎಳೆದು ತರುವುದಿಲ್ಲ. ಎದುರುವಾದದಿಂದ ಸಿದ್ಧವಾಗುವುದು ಇಷ್ಟು: ಒಂದು ಸ್ಥಳದಲ್ಲಿ ಪ್ರಜೆಯ ಆಯುಧವನ್ನು ಕೆಳಗಿಡಿಸಿದ ರಾಜ್ಯವು ಆ ಸ್ಥಳದಲ್ಲಿ ಅವನ ರಕ್ಷಣೆಯ ಹೊಣೆಯನ್ನು ಅಷ್ಟರಮಟ್ಟಿಗೆ ಹೆಚ್ಚಾಗಿ ಹೊರಬೇಕು. ಬೆದರಿಕೆ ಇರುವವನ ಬಂದೂಕನ್ನು ಠೇವಣಿ ಇರಿಸಿಕೊಂಡು ಅವನ ದೂರಿಗೆ ಕಿವಿಗೊಡದ ಆಡಳಿತ ತನ್ನ ಆದೇಶದ ಧಾರ್ಮಿಕ ಆಧಾರವನ್ನು ತಾನೇ ಕೆಡವುತ್ತದೆ.

ರಾಜ್ಯದ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ. ಮೀಮಾಂಸೆಯ ಪ್ರಕಾರ ವಿಧಿ ಪುರುಷನನ್ನು ಪ್ರವರ್ತಿಸುವುದು ಅವನಿಗೆ ತಿಳಿದಾಗ ಮಾತ್ರ. ಪ್ರತಿಪ್ರಸವ ಊಹೆಯಿಂದ ಬರುವುದಲ್ಲ, ವಚನದಿಂದ ಬರಬೇಕಾದದ್ದು. ಕಾನೂನಿನ ಅಜ್ಞಾನ ಕ್ಷಮೆಗೆ ಕಾರಣವಲ್ಲವೆಂಬ ಸೂತ್ರವನ್ನು ಪ್ರಜೆಯ ಮೇಲೆ ಹೇರುವ ಅಧಿಕಾರ, ಕಾನೂನನ್ನು ತಿಳಿಯಬಲ್ಲ ರೂಪದಲ್ಲಿ ಸಾರಿದ ಅಧಿಕಾರಕ್ಕೆ ಮಾತ್ರ ಇದೆ. ಪರವಾನಗಿ ಪುಸ್ತಕದ ಒಂದು ಸಾಲು, ನಿಷೇಧಾಜ್ಞೆಯ ಒಂದು ಪ್ರಕಟಣೆ, ಅರಣ್ಯ ಕಾಯ್ದೆಯ ಒಂದು ಕಲಂ, ಚುನಾವಣೆಯ ಒಂದು ಸುತ್ತೋಲೆ ನಾಲ್ಕು ಕಚೇರಿಗಳಲ್ಲಿ ಚದುರಿಹೋಗಿದ್ದು, ಅವುಗಳನ್ನು ಒಟ್ಟಿಗೆ ಓದುವ ಕೆಲಸ ಬೆಳೆ ಕಾಯುವ ರೈತನ ಪಾಲಿಗೆ ಬಿದ್ದರೆ, ತಪ್ಪಿದ ಹೆಜ್ಜೆಯ ದೋಷದಲ್ಲಿ ಕಚೇರಿಗಳಿಗೂ ಪಾಲಿದೆ. ಪರವಾನಗಿ ನೀಡುವಾಗ ಮತ್ತು ನವೀಕರಿಸುವಾಗ ಅದರ ಪ್ರಾದೇಶಿಕ ವ್ಯಾಪ್ತಿಯನ್ನೂ ಸುತ್ತಲಿನ ನಿಷಿದ್ಧ ಪ್ರದೇಶಗಳನ್ನೂ ಕನ್ನಡದಲ್ಲಿ ಬರೆದುಕೊಡುವುದು, ತಾತ್ಕಾಲಿಕ ಆದೇಶಗಳನ್ನು ಪರವಾನಗಿದಾರರಿಗೆ ನೇರವಾಗಿ ಮುಟ್ಟಿಸುವುದು ಆಡಳಿತದ ಸೌಜನ್ಯವಲ್ಲ, ಆದೇಶ ಪಾಲನೆಯನ್ನು ನಿರೀಕ್ಷಿಸುವ ನೈತಿಕ ಅರ್ಹತೆಯ ನಿಬಂಧನೆ.

ಹೀಗೆ ಎರಡು ಕಡೆಯ ಹೊಣೆಗಳನ್ನು ತೂಗಿದಾಗ ನಿರ್ಣಯ ಕಷ್ಟವಾಗುವುದಿಲ್ಲ. ಅಸ್ಪಷ್ಟತೆಗೆ ಕಾರಣವಾದ ಆಡಳಿತ ಟೀಕೆಗೆ ಅರ್ಹ, ಆದರೆ ಅಸ್ಪಷ್ಟತೆಯ ಲಾಭವನ್ನು ಆಯುಧದ ಪರವಾಗಿ ಪಡೆಯುವ ಅವಕಾಶ ಪರವಾನಗಿದಾರನಿಗಿಲ್ಲ. ಏಕೆಂದರೆ ತಪ್ಪು ನಿರ್ಧಾರದ ಬೆಲೆ ತೆರುವವರು ಕಚೇರಿಯವರೂ ಅಲ್ಲ, ಅವನೊಬ್ಬನೂ ಅಲ್ಲ, ಅವನ ಪಕ್ಕದಲ್ಲಿ ಏನೂ ತಿಳಿಯದೆ ನಿಂತವರು. ಒಯ್ಯಬಹುದೋ ಬಾರದೋ ಎಂಬ ಸಂದೇಹ ಪರಿಹಾರವಾಗದ ಸ್ಥಳಕ್ಕೆ ಆಯುಧವಿಲ್ಲದೆ ಹೋಗುವುದೇ ಧರ್ಮ. ಆ ಸಂದೇಹ ಹುಟ್ಟದಂತೆ ಎಲ್ಲೆಯನ್ನು ಮೊದಲೇ ಸ್ಪಷ್ಟವಾಗಿ ಸಾರುವುದು ರಾಜಧರ್ಮ.